ಹಗ್ಗ ಜಗ್ಗುವುದು ಆಟವಲ್ಲ ಅಂದವರು

ಹತ್ತೊಂಬತ್ತನೇ ವಯಸ್ಸಿಗೆ ನಾನು ಹಳೆ ಮದ್ರಾಸ್ ರಸ್ತೆಯ ಒಂದು ರಟ್ಟಿನ ಡಬ್ಬಿ ಕಾರ್ಖಾನೆಗೆ ಸೇರಿದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಗರಬತ್ತಿ, ಮಾತ್ರೆ, ಮಿಠಾಯಿ, ಬಲ್ಬು, ಹೀಗೆ ಅಂಗಡಿಯಲ್ಲಿ ಸಿಗುವ ಎಷ್ಟೋ ಸಾಮಾನಿನ ಡಬ್ಬಿಗಳು ನಮ್ಮಲ್ಲಿ ತಯಾರಾಗುತ್ತಿದ್ದವು. ಗಂಡಸರು ಪಕ್ಕದ ಶೆಡ್ಡಿನ ಮೆಷಿನ್ನುಗಳಲ್ಲಿ ರಟ್ಟು ಕತ್ತರಿಸುತ್ತಿದ್ದರು. ಪೇಸ್ಟಿಂಗ್ ಸೆಕ್ಷನ್ನಿನಲ್ಲಿ ನಾವು ಇಪ್ಪತ್ತೈದು ಮೂವತ್ತು ಹೆಂಗಸರು ಉದ್ದನೆಯ ಮೇಜುಗಳ ಎರಡೂ ಬದಿಗೆ ಕೂತು ಗೋಂದು ಹಚ್ಚಿ ಮಡಿಸುತ್ತಿದ್ದೆವು. ಅದರಲ್ಲಿ ಅರ್ಧ ಮಂದಿ ನನ್ನ ಹಾಗೆ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಮರ್ಫಿ ಟೌನಿನ ಬಾಡಿಗೆ ರೂಮುಗಳಲ್ಲಿ ಇದ್ದವರು. ಇನ್ನರ್ಧ ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಅವರು ಮನೆಯಲ್ಲಿ ತಮಿಳು, ಕಾರ್ಖಾನೆಯಲ್ಲಿ ಕನ್ನಡ, ಜಗಳದಲ್ಲಿ ಎರಡನ್ನೂ ಬೆರೆಸಿ ಆಡುತ್ತಿದ್ದರು. ಪಿಯುಸಿ ಪಾಸಾದವಳು ನಾನೊಬ್ಬಳೇ ಆದ್ದರಿಂದ ಬೋರ್ಡಿಗೆ ಹಚ್ಚಿದ ನೋಟಿಸನ್ನೆಲ್ಲ ಓದಿ ಹೇಳುವ ಕೆಲಸ ನನ್ನದಾಗಿತ್ತು.

ಆ ಜನವರಿಯಲ್ಲಿ ವಾರ್ಷಿಕ ಕ್ರೀಡಾಕೂಟದ ನೋಟಿಸು ಬಂತು. ಊಟದ ಹೊತ್ತಿಗೆ ಎಲ್ಲರೂ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಸುತ್ತುವರಿದರು. ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಿತ್ತು. ಎಡಗಡೆ ‘ಸ್ಪೋರ್ಟ್ಸ್’: ಕ್ರಿಕೆಟ್, ವಾಲಿಬಾಲ್, ಷಟಲ್, ಚೆಸ್. ಬಲಗಡೆ ‘ಗೇಮ್ಸ್’: ಲೆಮನ್ ಸ್ಪೂನ್, ಮ್ಯೂಸಿಕಲ್ ಚೇರ್, ಬಲೂನು ಒಡೆಯುವುದು, ಟಗ್ ಆಫ್ ವಾರ್. ಕೆಳಗೆ ಚಿಕ್ಕ ಅಕ್ಷರದಲ್ಲಿ, ಹೆಂಗಸರು ಬಲಗಡೆಯವುಗಳಲ್ಲಿ ಭಾಗವಹಿಸಬಹುದು ಎಂದು ಬರೆದಿತ್ತು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಹಲಸೂರಿನ ಒಬ್ಬ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದೆವು. ವಯಸ್ಸಿನಲ್ಲಿ ಮಾತ್ರವಲ್ಲ, ಆಕೆ ಎಲ್ಲದರಲ್ಲೂ ದೊಡ್ಡವಳೇ. ಬಾಗಿಲಲ್ಲಿ ನಿಂತರೆ ಬೆಳಕು ಕಮ್ಮಿಯಾಗುತ್ತಿತ್ತು.

“ಎರಡಕ್ಕೂ ಏನೇ ವ್ಯತ್ಯಾಸ?” ಅಂದಳು ದೊಡ್ಡಕ್ಕ.

“ಕನ್ನಡದಲ್ಲಿ ಒಂದು ಕ್ರೀಡೆ, ಇನ್ನೊಂದು ಆಟ ಅಕ್ಕ.”

“ಅದನ್ನೇ ಕೇಳಿದ್ದು. ಏನು ವ್ಯತ್ಯಾಸ?”

ನೋಟಿಸಿನ ಕೊನೆಯ ಸಾಲು ಓದಿದೆ. ಎಡಗಡೆ ಗೆದ್ದವರಿಗೆ ಕಪ್, ಬಲಗಡೆ ಗೆದ್ದವರಿಗೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ.

“ಗೊತ್ತಾಯ್ತು ಬಿಡು. ಕಪ್ ಕೊಟ್ರೆ ಕ್ರೀಡೆ, ಡಬ್ಬ ಕೊಟ್ರೆ ಆಟ. ದಿನಾ ಪೂರ್ತಿ ಡಬ್ಬಿ ಮಾಡೋರಿಗೆ ಬಹುಮಾನಾನೂ ಡಬ್ಬಾನೇ,” ಅಂದಳು. ಎಲ್ಲರೂ ನಕ್ಕು ಊಟಕ್ಕೆ ಹೋದೆವು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಗೇಟಿನ ವಾಚ್‌ಮನ್ ಅಲ್ಲೇ ಹಿಂದೆ ನಿಂತು ಕೇಳಿಸಿಕೊಂಡಿದ್ದರು.

ಅವರು ಮಿಲಿಟರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಹಲಸೂರು ಕೆರೆಯ ಹತ್ತಿರ ಒಂದು ಸಣ್ಣ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದರು. ಕಡ್ಡಿಯ ಹಾಗಿದ್ದ ಮನುಷ್ಯ. ಬೆಳಿಗ್ಗೆ ಲಾರಿಗೆ ಗೇಟು ತೆಗೆಯುವಾಗಲೂ ಸಲಾಮು ಹೊಡೆದೇ ತೆಗೆಯುತ್ತಿದ್ದರು. ಅಂದು ಮಧ್ಯಾಹ್ನ ಅವರ ಮುಖ ಕೆಂಪಾಗಿತ್ತು.

“ಏನ್ ಮ್ಮಾ, ಅದ್ರಲ್ಲಿ ಟಗ್ ಆಫ್ ವಾರ್ ಎಲ್ಲಿ ಹಾಕಿದಾರೆ?”

“ಗೇಮ್ಸ್ ಕಡೆ ಸಾರ್.”

“ನಿಂಬೆಹಣ್ಣು ಪಕ್ಕದಲ್ಲಾ?”

“ಹೌದು.”

“ಹನ್ನೊಂದು ವರ್ಷ ನಂದು ಯೂನಿಟ್ ಟೀಮಲ್ಲಿ ಎಳ್ದಿದೀನಿ ನಾನು. ಒಂದ್ ಕಾಲದಲ್ಲಿ ಒಲಿಂಪಿಕ್ಕಲ್ಲೇ ಇತ್ತು ಮ್ಮಾ ಅದು. ನಿಂಬೆಹಣ್ಣು ಪಕ್ಕ ಹಾಕ್ತಾರಾ? ನಡಿ, ಮೇಲಕ್ಕೆ ಹೋಗೋಣ. ನಂದು ಕನ್ನಡ ಸರಿ ಇಲ್ಲ, ನೀನು ಮಾತಾಡು.”

ಹಾಗೆ ನಾನು ಮೊದಲ ಸಲ ಮಹಡಿಯ ಆಫೀಸು ಹತ್ತಿದೆ. ಸಿಬ್ಬಂದಿಯ ವಿಚಾರ ನೋಡಿಕೊಳ್ಳುತ್ತಿದ್ದ ಪರ್ಸನಲ್ ಸಾರ್ ಒಳ್ಳೆಯವರೇ. ನಮ್ಮನ್ನು ಕೂರಿಸಿದರು. ಹವಾಲ್ದಾರರು ಕೂರಲಿಲ್ಲ, ಗೋಡೆಗೆ ನೇರವಾಗಿ ನಿಂತರು. ನಾನು ತಡವರಿಸುತ್ತಾ ವಿಷಯ ಹೇಳಿದೆ.

ಸಾರ್ ನಕ್ಕರು. “ನೋಡಿ, ಸ್ಪೋರ್ಟ್ ಅಂದ್ರೆ ಅದಕ್ಕೊಂದು ರೂಲ್ಸ್ ಇರಬೇಕು, ಕೋಚಿಂಗ್ ಇರಬೇಕು, ಪ್ರಾಕ್ಟೀಸ್ ಮಾಡಬೇಕು. ಹಗ್ಗ ಎಳೆಯೋದು ಯಾರು ಬೇಕಾದ್ರೂ ಬಂದು ಎಳೀಬಹುದಲ್ವಾ? ಯಾರು ದಪ್ಪ ಇದ್ದಾರೋ ಅವರು ಗೆಲ್ತಾರೆ. ಮಜಾಕ್ಕೆ ಆಡೋದು.”

“ಮತ್ತೆ ಚೆಸ್ಸು ಸಾರ್?” ಹವಾಲ್ದಾರರು ನನ್ನನ್ನು ಬಿಟ್ಟು ತಾವೇ ಮಾತಿಗಿಳಿದರು.

“ಚೆಸ್ ಸ್ಪೋರ್ಟೇ. ಕಾಲೇಜಲ್ಲಿ ನಾನೂ ಆಡ್ತಿದ್ದೆ.”

“ಅಂದ್ರೆ ಕೂತ್ಕೊಂಡ್ ಆಡೋದು ಸ್ಪೋರ್ಟು, ನಿಂತ್ಕೊಂಡ್ ಎಳೆಯೋದು ಗೇಮಾ ಸಾರ್?”

ಪಕ್ಕದ ಮೇಜಿನಲ್ಲಿದ್ದ ಅಕೌಂಟ್ಸ್ ಮೇಡಂ ಬಾಯಿಗೆ ಕರ್ಚೀಫು ಒತ್ತಿಕೊಂಡರು. ಸಾರ್ ಕೂಡ ನಗು ತಡೆಯಲಾರದೆ, “ಹವಾಲ್ದಾರ್ರೇ, ಒಂದು ಕೆಲಸ ಮಾಡಿ. ಎರಡು ಲೇಡೀಸ್ ಟೀಮು ರೆಡಿ ಮಾಡಿ. ರೂಲ್ಸ್ ಪ್ರಕಾರ, ಪ್ರಾಕ್ಟೀಸ್ ಮಾಡಿಸಿ. ಆಗ ಎಡಗಡೆ ಹಾಕ್ತೀನಿ,” ಅಂದರು.

“ಎರಡನೇ ಟೀಮು ನಂದು,” ಎಂದರು ಅಕೌಂಟ್ಸ್ ಮೇಡಂ, ಯಾರೂ ಕೇಳದಿದ್ದರೂ. ಅವರು ಕಾಲೇಜಿನಲ್ಲಿ ಥ್ರೋಬಾಲ್ ಆಡಿದವರು ಎಂದು ನಮಗೆ ಆಮೇಲೆ ಗೊತ್ತಾಯಿತು.

ಹೀಗೆ ಪೇಸ್ಟಿಂಗಿನ ಎಂಟು ಮಂದಿ ಒಂದು ಕಡೆ, ಆಫೀಸು ಮತ್ತು ಗೋಡೌನಿನ ಎಂಟು ಮಂದಿ ಇನ್ನೊಂದು ಕಡೆ ಎಂದಾಯಿತು. ಮೊದಲ ದಿನವೇ ಹವಾಲ್ದಾರರು ನಮ್ಮೆಲ್ಲರನ್ನೂ ಹಿತ್ತಲಿನಲ್ಲಿ ರದ್ದಿ ತೂಗುವ ಕಬ್ಬಿಣದ ಕಾಟಾದ ಮುಂದೆ ಸಾಲಾಗಿ ನಿಲ್ಲಿಸಿದರು. ಒಂದೊಂದು ಟೀಮಿನ ಒಟ್ಟು ತೂಕವೂ ಒಂದೇ ಮಿತಿಯೊಳಗಿರಬೇಕು, ಇಲ್ಲದಿದ್ದರೆ ದಪ್ಪಗಿರುವವರೇ ಗೆಲ್ಲುತ್ತಾರೆಂಬ ಸಾರ್ ಮಾತು ನಿಜವಾಗಿಬಿಡುತ್ತದೆ ಎಂದು ಅವರ ವಾದ.

ಆ ಕಾಟಾದ ಮೇಲೆ ಹತ್ತಲು ನಾವು ಪಟ್ಟ ನಾಚಿಕೆ ಅಷ್ಟಿಷ್ಟಲ್ಲ. ಒಬ್ಬಳು ಹತ್ತಿದರೆ ಉಳಿದವರೆಲ್ಲ ಮುಳ್ಳು ನೋಡಲು ಬಗ್ಗುತ್ತಿದ್ದರು. ಮೇಲಿದ್ದವಳು ಸೆರಗಿನಿಂದ ಮುಳ್ಳು ಮುಚ್ಚುತ್ತಿದ್ದಳು. ಹವಾಲ್ದಾರರು ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ಕಳಿಸಿ, ತೂಕವನ್ನು ಗುಟ್ಟಾಗಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಕೂಡಿ ನೋಡಿದಾಗ ನಮ್ಮದು ಮಿತಿಗಿಂತ ಮೂರು ಕಿಲೋ ಜಾಸ್ತಿ. ಎಲ್ಲರೂ ಒಟ್ಟಿಗೆ ದೊಡ್ಡಕ್ಕನ ಕಡೆ ತಿರುಗಿದೆವು.

“ಯಾಕೆ ನನ್ನ ನೋಡ್ತೀರಾ?” ಅಂದಳು. ಬಳೆ ತೆಗೆದಳು, ಬೀಗದ ಕೈ ಗೊಂಚಲು ತೆಗೆದಳು, ಸೊಂಟದಿಂದ ಎಲೆ ಅಡಿಕೆ ಚೀಲ ತೆಗೆದಳು. ಮುಳ್ಳು ಸ್ವಲ್ಪವೇ ಅಲ್ಲಾಡಿತು. “ಇನ್ನು ತೆಗೆಯೋಕೆ ಏನೂ ಇಲ್ಲ. ಊಟ ಮಾತ್ರ ಬಿಡಲ್ಲ, ಈಗ್ಲೇ ಹೇಳಿಬಿಟ್ಟಿದೀನಿ.”

“ನೀನು ಲಾಸ್ಟು ಮ್ಮಾ, ಆ್ಯಂಕರ್. ನೀನು ಬೇಕೇ ಬೇಕು,” ಎಂದು ಹವಾಲ್ದಾರರು ಅವಳ ತೂಕಕ್ಕೆ ಕೈ ಹಚ್ಚಲಿಲ್ಲ. ಬದಲಿಗೆ ಟೀಮಿನಲ್ಲಿದ್ದ ಇನ್ನೊಬ್ಬಳನ್ನು ಬಿಟ್ಟು, ಸೆಕ್ಷನ್ನಿನಲ್ಲೇ ಎಲ್ಲರಿಗಿಂತ ತೆಳ್ಳಗಿದ್ದ ನಮ್ಮ ಊರ ಕಡೆಯವಳೊಬ್ಬಳನ್ನು ಎಲ್ಲರಿಗಿಂತ ಮುಂದೆ ಹಾಕಿಕೊಂಡರು. ನನ್ನದು ಐದನೇ ಜಾಗ.

ಚಪ್ಪಲಿಯಲ್ಲಿ ಕಾಲು ನಿಲ್ಲುವುದಿಲ್ಲ, ಬೂಟು ಬೇಕು ಎಂದರು. ಒಂದು ಭಾನುವಾರ ಎಂಟೂ ಜನ ಶಿವಾಜಿನಗರಕ್ಕೆ ಹೋದೆವು. ಫುಟ್‌ಪಾತಿನ ಮೇಲೆ ಹಳೆಯ ಬೂಟುಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದ ಮುದುಕಪ್ಪ, ಸೀರೆ ಚೂಡಿದಾರ ತೊಟ್ಟ ಇಷ್ಟೊಂದು ಹೆಂಗಸರು ಗಂಡಸರ ಬೂಟು ಕಾಲಿಗೆ ಹಾಕಿ ನೆಲಕ್ಕೆ ಹಿಮ್ಮಡಿ ಕುಟ್ಟಿ ನೋಡುವುದನ್ನು ಕಂಡು ಬೀಡಿ ಆರಿಸಿದ.

“ಕ್ಯಾ ಅಮ್ಮಾ, ಸಬ್ ಪೊಲೀಸ್ ಮೆ ಭರ್ತಿ ಹೋರೆ ಕ್ಯಾ?” ಎಲ್ಲರೂ ಪೊಲೀಸಿಗೆ ಸೇರುತ್ತಿದ್ದೀರಾ ಎಂದು ಕೇಳಿದ.

“ಇಲ್ಲ ಭಾಯ್, ನಿನ್ನನ್ನ ಎಳ್ಕೊಂಡು ಹೋಗಕ್ಕೆ ಬಂದಿದೀವಿ,” ಅಂದಳು ದೊಡ್ಡಕ್ಕ. ಆತ ಅಷ್ಟು ನಕ್ಕನೆಂದರೆ ಪಕ್ಕದ ಅಂಗಡಿಯವರೂ ಎದ್ದು ಬಂದರು. ದೊಡ್ಡಕ್ಕನ ಕಾಲಿಗೆ ಹೊಂದುವ ಜೋಡಿಯನ್ನು ಅವರೇ ಮೂರು ಅಂಗಡಿ ಹುಡುಕಿ ತಂದುಕೊಟ್ಟರು.

ಮಾರನೆಯ ದಿನದಿಂದ ಡ್ಯೂಟಿಗೆ ಮುಂಚೆ ಒಂದು ಗಂಟೆ ಅಭ್ಯಾಸ. ಕೊರೆಯುವ ಚಳಿ. ಲಾರಿಗೆ ಲೋಡು ಕಟ್ಟುವ ದಪ್ಪ ಹಗ್ಗವನ್ನು ಹವಾಲ್ದಾರರು ಶೆಡ್ಡಿನ ಕಬ್ಬಿಣದ ತೊಲೆಯ ಮೇಲಿಂದ ಹಾಯಿಸಿ, ಅದರ ತುದಿಗೆ ಒತ್ತಿ ಕಟ್ಟಿದ ರದ್ದಿ ಕಾಗದದ ಒಂದು ಮೂಟೆ ನೇತುಹಾಕಿದ್ದರು. ಅದನ್ನು ಎತ್ತಬೇಕು, ಎತ್ತಿ ಹಾಗೇ ಹಿಡಿದು ನಿಲ್ಲಬೇಕು. ಎಳೆಯುವುದಕ್ಕಿಂತ ನಿಲ್ಲುವುದೇ ಕಷ್ಟ ಎಂಬುದು ನನಗೆ ಎರಡನೇ ದಿನ ಗೊತ್ತಾಯಿತು. ಮೊದಲ ದಿನ ನಾವೆಲ್ಲ ಕೈಯಿಂದ ಎಳೆದಿದ್ದೆವು. ಹಗ್ಗ ಎಳೆಯುವುದು ಕೈಯಿಂದಲ್ಲ, ಕಾಲಿಂದ, ಎಂದು ಅವರು ನೂರು ಸಲ ಹೇಳಿದರು. ಮೈಯನ್ನು ಹಲಗೆಯ ಹಾಗೆ ನೇರ ಮಾಡಿ ಹಿಂದಕ್ಕೆ ವಾಲಬೇಕು, ಕೈಗಳು ಬರೀ ಕೊಕ್ಕೆ. ಕೆಲಸವೆಲ್ಲ ತೊಡೆ ಮತ್ತು ಹಿಮ್ಮಡಿಯದು. ಎಂಟೂ ಜನ ಒಂದೇ ಉಸಿರಿನಲ್ಲಿ ಹೆಜ್ಜೆ ಇಡಬೇಕು.

ಆ ಒಂದೇ ಉಸಿರು ಮಾತ್ರ ಬರಲೊಲ್ಲದು. ಅವರು ಮಿಲಿಟರಿಯ ಹಾಗೆ “ಏಕ್, ದೋ” ಎಂದರೆ ಅರ್ಧ ಮಂದಿ ಏಕ್‌ಗೆ ಎಳೆಯುತ್ತಿದ್ದರು, ಅರ್ಧ ಮಂದಿ ದೋಗೆ. ತಮಿಳಿನಲ್ಲಿ ಎಣಿಸಿ ನೋಡಿದರು. ಆಗ ನಮ್ಮ ಊರ ಕಡೆಯವರು ತಪ್ಪಿದೆವು. ಕೊನೆಗೆ ಮುಂದೆ ನಿಂತಿದ್ದ ಆ ತೆಳ್ಳಗಿನ ಹುಡುಗಿ ತಾನಾಗಿಯೇ “ಐಸಾ…” ಎಂದು ರಾಗವಾಗಿ ಎಳೆದಳು. ಕಲ್ಲು ಕಂಬ ಸಾಗಿಸುವವರು ಕೂಗುವ ಆ ಕೂಗು ಎಲ್ಲರ ಕಿವಿಯಲ್ಲೂ ಇತ್ತು. ಎಂಟೂ ಜನ “ಐಸಾ!” ಎಂದೆವು. ರದ್ದಿ ಮೂಟೆ ಸರ್ರನೆ ತೊಲೆಗೆ ಹೋಗಿ ಬಡಿಯಿತು. ಹವಾಲ್ದಾರರು ಟೋಪಿ ತೆಗೆದು ತಲೆ ಕೆರೆದುಕೊಂಡು, “ಇದೇ ಸಾಕು ಮ್ಮಾ, ನಂದು ಎಣಿಕೆ ಕ್ಯಾನ್ಸಲ್,” ಎಂದರು.

ಮನೆಯಲ್ಲಿ ಅವ್ವನಿಗೆ ಇದೆಲ್ಲ ಸರಿಬರಲಿಲ್ಲ. ಅವ್ವ ಆಗ ಇಂದಿರಾನಗರದಲ್ಲಿ ಹಳೆಯ ಬಂಗಲೆ ಒಡೆದು ಕಟ್ಟುತ್ತಿದ್ದ ಒಂದು ಮೂರಂತಸ್ತಿನ ಕಟ್ಟಡದ ಕೆಲಸದಲ್ಲಿದ್ದಳು. ಒಂದು ಸಂಜೆ ನನ್ನ ಅಂಗೈ ನೋಡಿ ಗಾಬರಿಯಾದಳು.

“ಏನಬೇ ಇದು, ಕೈ ಹಿಂಗ್ಯಾಕ ಸುಲದಾವ?”

“ಹಗ್ಗ ಜಗ್ಗೋದು ಕಲೀತಿದೀನವ್ವ.”

“ನಾ ದಿನಾ ಮ್ಯಾಲಿನ ಅಂತಸ್ತಿಗೆ ಹಗ್ಗದಾಗ ಬಕೆಟ್ಟು ಜಗ್ತೀನಿ. ಅದಕ್ಕ ಏನಂತಾರ ನಿಮ್ಮ ಆಫೀಸ್ನಾಗ?”

“ಅದು ಕೆಲಸ ಅವ್ವ. ಇದು ಕ್ರೀಡೆ.”

“ಮತ್ತ ಆಟ ಅಂದ್ರ?”

“ಅದು ಬ್ಯಾರೆ.”

“ಜಗ್ಗೂದು ಒಂದ, ಹಗ್ಗ ಒಂದ, ಹೆಸರು ಮೂರೇನು?” ಎಂದು ಅವ್ವ ಗೊಣಗುತ್ತಲೇ ಅರಿಸಿನ ಎಣ್ಣೆ ಬಿಸಿ ಮಾಡಿ ಹಚ್ಚಿದಳು. ಹಚ್ಚುತ್ತಾ ಹೇಳಿದಳು: “ಸಡಿಲ ಹಿಡದಿ, ಅದಕ್ಕ ತೊಗಲು ಹೋಗ್ಯದ. ಹಗ್ಗ ಕೈಯಾಗ ಜಾರಬಾರದು. ಬಿಗಿ ಹಿಡದ್ರ ಸುಲಿಯಂಗಿಲ್ಲ.” ಮರುದಿನ ಇದನ್ನು ಹವಾಲ್ದಾರರಿಗೆ ಹೇಳಿದಾಗ ಅವರು, “ನಿಮ್ಮಮ್ಮ ಯಾವ ರೆಜಿಮೆಂಟು?” ಎಂದು ಕೇಳಿದರು.

ಅಕೌಂಟ್ಸ್ ಮೇಡಂ ಟೀಮಿಗೂ ಹವಾಲ್ದಾರರೇ ಸಂಜೆ ಹೊತ್ತು ಕಲಿಸುತ್ತಿದ್ದರು. ಇದು ನಮಗೆ ಒಂಚೂರೂ ಹಿಡಿಸಲಿಲ್ಲ. “ಅವರಿಗೆ ಸ್ವಲ್ಪ ಕಮ್ಮಿ ಹೇಳಿಕೊಡಿ ಸಾರ್,” ಎಂದು ದೊಡ್ಡಕ್ಕ ನೇರವಾಗಿಯೇ ಕೇಳಿದಳು. ಹವಾಲ್ದಾರರು ಆ ಮಾತು ಕೇಳಿಸಲೇ ಇಲ್ಲವೇನೋ ಎಂಬಂತೆ ಗೇಟಿನ ಕಡೆ ನಡೆದರು. ಎಲ್ಲಕ್ಕಿಂತ ಮುಖ್ಯವಾಗಿ ಎರಡೂ ಟೀಮಿಗೆ ಅವರು ಹೇಳಿದ ನಿಯಮ ಇದು: ಪಾದ ಬಿಟ್ಟು ಮೈಯ ಯಾವ ಭಾಗವೂ ನೆಲಕ್ಕೆ ತಾಗಬಾರದು. ಜಾರಿ ಬಿದ್ದರೆ ತಕ್ಷಣ ಏಳಬೇಕು. ಕೂತುಬಿಟ್ಟರೆ ತಪ್ಪು. ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದಕ್ಕೆ ಸೋಲು. ಯಾಕೆಂದರೆ ನೆಲಕ್ಕೆ ಕೂತವರನ್ನು ಎಳೆಯುವುದು ಬಹಳ ಕಷ್ಟ, ಅದು ಮರಕ್ಕೆ ಹಗ್ಗ ಕಟ್ಟಿದ ಹಾಗೆ.

ಪರ್ಸನಲ್ ಸಾರ್ ಮಾತು ಉಳಿಸಿಕೊಂಡರು. ಒಂದು ದಿನ ಅಭ್ಯಾಸ ನೋಡಲು ಬಂದವರು, ಹಗ್ಗ ಹಿಡಿದು ಎರಡು ನಿಮಿಷ ನಮ್ಮ ಜೊತೆ ನಿಂತರು. ಮಧ್ಯಾಹ್ನ ಅವರಿಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲವಂತೆ. ಸಂಜೆ ಹೊಸ ನೋಟಿಸು ಬಂತು, ಟಗ್ ಆಫ್ ವಾರ್ ಎಡಗಡೆಗೆ ಸರಿದಿತ್ತು. ಹವಾಲ್ದಾರರು ನನ್ನಿಂದ ಅದನ್ನು ಮೂರು ಸಲ ಓದಿಸಿಕೊಂಡರು.

ಕ್ರೀಡಾಕೂಟ ಹಲಸೂರಿನ ಒಂದು ಶಾಲೆಯ ಮೈದಾನದಲ್ಲಿ ನಡೆಯಿತು. ಭಾನುವಾರವಾದ್ದರಿಂದ ಮನೆಯವರೂ ಬಂದಿದ್ದರು. ಅವ್ವ ಬರುವುದಿಲ್ಲ ಎಂದವಳು ಬಂದು, ಹಗ್ಗ ಚೆನ್ನಾಗಿ ಕಾಣುವ ಜಾಗ ನೋಡಿ ಕೂತಿದ್ದಳು. ದೊಡ್ಡಕ್ಕ ಗಂಡನ ಪ್ಯಾಂಟು ಹಾಕಿ ಅದರ ಮೇಲೆ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿಕೊಂಡು, ಹಗ್ಗವನ್ನು ಕಂಕುಳ ಕೆಳಗಿನಿಂದ ಬೆನ್ನ ಮೇಲೆ ಹಾಯಿಸಿ ಹೆಗಲಿಗೆ ಹಾಕಿಕೊಂಡು ನಿಂತಾಗ, ಮೆಷಿನ್ ಸೆಕ್ಷನ್ನಿನ ಗಂಡಸರು ಶಿಳ್ಳೆ ಹೊಡೆದರು. ಆಕೆ ಒಮ್ಮೆ ತಿರುಗಿ ನೋಡಿದಳು. ಶಿಳ್ಳೆ ನಿಂತಿತು.

ಹವಾಲ್ದಾರರೇ ತೀರ್ಪುಗಾರರು, ಬೇರೆ ಯಾರಿಗೂ ನಿಯಮ ಗೊತ್ತಿರಲಿಲ್ಲವಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಮೇಲೆ ಮೆಡಲುಗಳು. ಹಗ್ಗ ಎತ್ತಿಸುವ ಮುಂಚೆ ಎರಡೂ ಕಡೆಯವರಿಗೆ, “ಇವತ್ತು ನಾನು ಯಾರ ಕಡೇನೂ ಅಲ್ಲ ಮ್ಮಾ,” ಎಂದರು. ನಾವು ಅದನ್ನು ನಂಬಲಿಲ್ಲ. ನಮ್ಮ ಸೆಕ್ಷನ್ನಿಗಾಗಿ ಜಗಳ ಆಡಿದವರು ಅವರು.

ಮೂರು ಎಳೆತದಲ್ಲಿ ಎರಡು ಗೆದ್ದವರು ಗೆದ್ದಂತೆ. ಮೊದಲನೆಯದನ್ನು ನಾವು ಬೇಗ ಗೆದ್ದೆವು. ‘ಐಸಾ’ ಎನ್ನುವಷ್ಟರಲ್ಲಿ ಅವರ ಸಾಲು ಚದುರಿತ್ತು. ಎರಡನೆಯದನ್ನು ಅವರು ಗೆದ್ದರು. ಮೇಡಂ ತಮ್ಮವರನ್ನು ಒಂದು ನಿಮಿಷ ಅಲುಗಾಡದೆ ನಿಲ್ಲಿಸಿ, ನಾವು ಉಸಿರು ಬಿಡುವ ಹೊತ್ತನ್ನೇ ಕಾದು ಎಳೆಸಿದರು. ಥ್ರೋಬಾಲಿನ ತಲೆ.

ಮೂರನೆಯದು ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ. ಕೆಂಪು ಬಟ್ಟೆ ಕಟ್ಟಿದ ಹಗ್ಗದ ನಡು ಒಂದು ಗೇಣು ಆಚೆ, ಒಂದು ಗೇಣು ಈಚೆ. ನಮ್ಮಲ್ಲಿ ಮುಂದಿನವಳ ಮೊಣಕಾಲು ನೆಲಕ್ಕೆ ತಾಗಿ ಒಂದು ಎಚ್ಚರಿಕೆ ಬಿತ್ತು, ಆಮೇಲೆ ಮೂರನೆಯವಳದು ಇನ್ನೊಂದು. ನನ್ನ ತೊಡೆಗಳು ನಡುಗುತ್ತಿದ್ದವು. ಕಣ್ಣಿಗೆ ಬೆವರು ಇಳಿದು ಏನೂ ಕಾಣುತ್ತಿರಲಿಲ್ಲ. ಹಗ್ಗ ಮುಂದಕ್ಕೆ ಸರಿಯತೊಡಗಿತು. ಆಗ ನನ್ನ ಹಿಮ್ಮಡಿ ಸ್ವಲ್ಪ ಜಾರಿತು. ಏಳಬಹುದಿತ್ತು. ಆದರೆ ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಎರಡು ಸಂಗತಿ ಹೊಳೆದವು: ಕೂತರೆ ಹಗ್ಗ ನಿಲ್ಲುತ್ತದೆ, ಮತ್ತು ತೀರ್ಪುಗಾರರು ನಮ್ಮವರು. ನಾನು ಕೂತೆ.

ಹಗ್ಗ ನಿಂತಿತು. ನಮ್ಮವರು ‘ಐಸಾ’ ಎಂದು ಒಂದು ಹೆಜ್ಜೆ ಹಿಂದಕ್ಕೂ ತಂದರು. ಗೆಲುವಿಗೆ ಎರಡೇ ಹೆಜ್ಜೆ ಬಾಕಿ ಇತ್ತು. ಹವಾಲ್ದಾರರ ಸೀಟಿ ಕೇಳಿಸಿತು. ಅವರು ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಕೈ ಎತ್ತಿ ಎದುರು ಟೀಮಿನ ಕಡೆ ತೋರಿಸಿದರು.

ನಮ್ಮವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ದೊಡ್ಡಕ್ಕ ಹಗ್ಗವನ್ನು ನೆಲಕ್ಕೆ ಎಸೆದಳು.

“ಪಾಪ ಹುಡುಗಿ ಜಾರಿ ಬಿದ್ದಿದ್ದು! ಕಣ್ಣು ಕಾಣಲ್ವಾ ನಿಮಗೆ? ನೀವೇ ಕಲ್ಸಿ ನೀವೇ ಸೋಲ್ಸ್ತೀರಾ?”

ಹವಾಲ್ದಾರರು ಹಗ್ಗ ಸುತ್ತತೊಡಗಿದರು. ಕಪ್ ಮೇಡಂ ಅವರ ಟೀಮಿಗೆ ಹೋಯಿತು. ನಮ್ಮವರು ನನ್ನನ್ನು ನಡುವೆ ಕೂರಿಸಿಕೊಂಡು ಸೋಡಾ ಕುಡಿಸಿ ಸಮಾಧಾನ ಮಾಡಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಎಲ್ಲರೂ ಸೋಲಿಗೆ ಅಂದುಕೊಂಡರು. ಮೇಡಂ ಹತ್ತಿರ ಬಂದು ನನ್ನ ಬೆನ್ನು ತಟ್ಟಿ, ಮೆಲ್ಲಗೆ, “ನಿನ್ನ ಜಾಗದಲ್ಲಿ ಹಗ್ಗ ಒಮ್ಮೆಲೇ ಕಲ್ಲಾಯ್ತು, ನಮ್ಮ ಕೈವರೆಗೂ ಗೊತ್ತಾಯ್ತು,” ಎಂದಷ್ಟೇ ಹೇಳಿ ಹೋದರು. ಅವ್ವ ಮನೆ ತಲುಪುವವರೆಗೆ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಇಪ್ಪತ್ತು ವರ್ಷ ಹಗ್ಗ ಜಗ್ಗಿದವಳ ಕಣ್ಣಿಗೆ ಜಾರುವುದಕ್ಕೂ ಕೂರುವುದಕ್ಕೂ ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ?

ಸೋಮವಾರ ಪೇಸ್ಟಿಂಗಿನ ಯಾರೂ ಗೇಟಿನಲ್ಲಿ ಹವಾಲ್ದಾರರಿಗೆ ನಮಸ್ಕಾರ ಹೇಳಲಿಲ್ಲ. ಅವರು ಎಂದಿನಂತೆ ಸಲಾಮು ಹೊಡೆದರು. ಮಂಗಳವಾರವೂ ಹಾಗೆಯೇ. ನನಗೆ ಊಟ ಸೇರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಕುಂಟೆಬಿಲ್ಲೆಯಲ್ಲಿ ಎಷ್ಟು ಸಲ ಗೆರೆ ತುಳಿದು ತುಳಿದಿಲ್ಲ ಎಂದಿದ್ದೇನೋ ಲೆಕ್ಕವಿಲ್ಲ. ಗೆಳತಿಯರೂ ಹಾಗೇ ಅನ್ನುತ್ತಿದ್ದರು, ಕೂಗಾಡಿ, ಕೂದಲು ಜಗ್ಗಿ, ಮತ್ತೆ ಆಡುತ್ತಿದ್ದೆವು. ಅದು ಯಾವತ್ತೂ ಎದೆಯಲ್ಲಿ ಉಳಿಯಲಿಲ್ಲ. ಇದು ಮಾತ್ರ ಉಳಿಯಿತು.

ಬುಧವಾರ ಊಟದ ಹೊತ್ತಿಗೆ ದೊಡ್ಡಕ್ಕ ಮತ್ತೆ ಹವಾಲ್ದಾರರನ್ನು ಬೈಯಲು ಶುರು ಮಾಡಿದಾಗ ತಡೆಯಲಾಗಲಿಲ್ಲ.

“ಅಕ್ಕ, ನಾನು ಜಾರಲಿಲ್ಲ.”

“ಏನಂದೆ?”

“ಬೇಕಂತಲೇ ಕೂತೆ.”

ಮೇಜಿನ ಸುತ್ತ ಎಲ್ಲರ ಕೈ ನಿಂತಿತು. ದೊಡ್ಡಕ್ಕ ಮುಂದಿದ್ದ ರಟ್ಟಿನ ಹಾಳೆ ತೆಗೆದುಕೊಂಡು ನನ್ನ ತಲೆಗೆ ಒಂದು, ಬೆನ್ನಿಗೆ ಎರಡು ಬಾರಿಸಿದಳು. “ಮೂರು ದಿನ ಆ ಮನುಷ್ಯನ ಮುಖ ನೋಡ್ಲಿಲ್ವಲ್ಲೇ ನಾನು! ಎದ್ದೇಳು!” ಎಂದು ನನ್ನ ರಟ್ಟೆ ಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋದಳು. ಹಿಂದೆ ಇಡೀ ಟೀಮು.

ಹವಾಲ್ದಾರರು ಸ್ಟೂಲಿನ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು.

“ಸಾರ್, ತಪ್ಪಾಯ್ತು,” ಅಂದೆ.

“ಗೊತ್ತು ಮ್ಮಾ. ಕೂತಾಗ ನಿಂದು ಕಣ್ಣು ನನ್ ಕಡೆ ಇತ್ತು. ಬೀಳೋರು ಯಾರೂ ರೆಫ್ರಿನ ನೋಡಲ್ಲ.”

“ಹಂಗಾದ್ರೆ ಅವತ್ತೇ ಹೇಳೋಕೇನಾಗಿತ್ತು? ನಾನು ಬಾಯಿಗೆ ಬಂದಂಗೆ ಬೈದ್ನಲ್ಲ,” ಅಂದಳು ದೊಡ್ಡಕ್ಕ.

“ಫೌಲು ಟೀಮಿಂದು. ಅವಳೊಬ್ಬಳದು ಅಂತ ಯಾಕೆ ಹೇಳ್ಬೇಕು?” ಎಂದರು. ಆಮೇಲೆ ಡಬ್ಬಿಯಲ್ಲಿ ಚಮಚ ತಿರುಗಿಸಿ, ನಾಚಿಕೊಂಡವರ ಹಾಗೆ ನಕ್ಕರು. “ಮೊದಲನೇ ವರ್ಷ ನಾನೂ ಒಂದ್ ಸಲ ಕೂತಿದ್ದೆ, ರೆಫ್ರಿ ನೋಡ್ಲಿಲ್ಲ. ನಮ್ ಸುಬೇದಾರ್ ಸಾಬ್ ಗೆದ್ದ ಮೇಲೆ ಕರ್ದು, ಆ ಹಗ್ಗ ಪೂರ್ತಿ ಹೆಗಲಿಗೆ ಹಾಕಿ ಗ್ರೌಂಡ್ ಸುತ್ತಿಸಿದ್ರು. ಹತ್ತು ರೌಂಡು. ಆದ್ರೂ ವಾರ ಪೂರ್ತಿ ನಿದ್ದೆ ಬರ್ಲಿಲ್ಲ. ಆಟದಲ್ಲಿ ಕಳ್ಳಾಟ ಆಡಿದ್ರೆ ನಗ್ತೀವಿ ಮ್ಮಾ. ಇದ್ರಲ್ಲಿ ಆಡಿದ್ರೆ ನಿದ್ದೆ ಬರಲ್ಲ. ಪರ್ಸನಲ್ ಸಾರ್‌ಗೆ ಅವತ್ತು ಇದನ್ನ ಹೇಳೋಕೆ ನಂಗೆ ಬರ್ಲಿಲ್ಲ.”

“ಈಗ ಇವಳಿಗೆ ಎಷ್ಟು ರೌಂಡು?” ಅಂದಳು ದೊಡ್ಡಕ್ಕ.

“ಮೂರು ದಿನ ಊಟ ಬಿಟ್ಟಿದಾಳೆ ಅಲ್ವಾ, ಮುಖ ನೋಡಿದ್ರೆ ಗೊತ್ತಾಗುತ್ತೆ. ಸಾಕು.” ತಮ್ಮ ಡಬ್ಬಿಯಲ್ಲಿದ್ದ ಉಪ್ಪಿನಕಾಯಿಯನ್ನು ಮುಚ್ಚಳಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. “ಹೋಗು, ಊಟ ಮಾಡು. ತೂಕ ಕಮ್ಮಿಯಾದ್ರೆ ಐದನೇ ಜಾಗಕ್ಕೆ ಇನ್ನೊಬ್ಬಳನ್ನ ಹುಡುಕ್ಬೇಕಾಗುತ್ತೆ.”

ಅಂದು ನಾನು ತಿಂದಷ್ಟು ಅನ್ನವನ್ನು ಮೂರು ಹೆಂಗಸರು ತಿನ್ನಬಹುದಿತ್ತು.

ಅಕೌಂಟ್ಸ್ ಮೇಡಮ್ಮಿಗೂ ನಾನೇ ಹೋಗಿ ಹೇಳಿದೆ. ಅವರು ಫೈಲು ಮುಚ್ಚಿಟ್ಟು, “ಇನ್ನೊಂದು ಸಲ ಕೂತ್ರೆ ನಾನೇ ಬಂದು ಎಬ್ಬಿಸ್ತೀನಿ,” ಎಂದರು. ಆಮೇಲೆ ಅವರೇ ಒಂದು ಸುದ್ದಿ ತಂದರು. ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯ ಹೆಂಗಸರ ಟೀಮು ಇದೆಯಂತೆ, ನಮ್ಮ ಪಂದ್ಯದ ಮಾತು ಕೇಳಿ ಬರುತ್ತೀರಾ ಎಂದು ಕೇಳಿದ್ದಾರಂತೆ. ಎರಡೂ ಟೀಮಿನಿಂದ ಆರಿಸಿ ಒಂದು ಟೀಮು ಮಾಡಿದೆವು. ಮೇಡಂ ನಾಲ್ಕನೇ ಜಾಗ, ನಾನು ಅವರ ಹಿಂದೆ. ದಿನಾ ಮಹಡಿಯಲ್ಲಿ ಕುರ್ಚಿಯಲ್ಲಿ ಕೂರುವವರ ಬೆನ್ನಿನ ಬೆವರು ನನ್ನ ಮೂಗಿಗೆ ಒಂದು ಗೇಣಿನ ಅಂತರದಲ್ಲಿ ಇರುತ್ತಿತ್ತು. ಎರಡು ವಾರದಲ್ಲಿ ಅವರೂ ‘ಐಸಾ’ ಎಂದು ಕೂಗಲು ಕಲಿತರು.

ಕಾರ್ಖಾನೆಯ ಟೆಂಪೋದಲ್ಲಿ ರಟ್ಟಿನ ಬಂಡಲುಗಳ ಮೇಲೆ ಕೂತು ಹೋದೆವು. ಹವಾಲ್ದಾರರು ಡ್ರೈವರ್ ಪಕ್ಕದಲ್ಲಿ. ಈ ಸಲ ತೀರ್ಪುಗಾರರು ಬೇರೆಯವರು, ಹಾಗಾಗಿ ಅವರು ನಮ್ಮ ಸಾಲಿನ ಪಕ್ಕ ಬಗ್ಗಿ ಓಡಾಡುತ್ತಾ ಮನಸ್ಸು ಬಿಚ್ಚಿ ಕೂಗಬಹುದಿತ್ತು. ತಮಿಳು, ಹಿಂದಿ, ಕನ್ನಡ ಮೂರನ್ನೂ ಕೂಗಿದರು. ಎದುರಿನವರು ನಮಗಿಂತ ಅನುಭವಸ್ಥರು. ಮೊದಲ ಎಳೆತ ಸೋತೆವು. ಎರಡನೆಯದರಲ್ಲಿ ನನ್ನ ಕಾಲು ನಿಜವಾಗಿಯೂ ಜಾರಿತು. ನೆಲ ಮುಟ್ಟಿದ್ದೂ ಗೊತ್ತಿಲ್ಲ, ಎದ್ದದ್ದೂ ಗೊತ್ತಿಲ್ಲ, ಅಷ್ಟು ಬೇಗ ಎದ್ದಿದ್ದೆ. ಹಿಂದಿನಿಂದ ದೊಡ್ಡಕ್ಕ, “ಭೇಷ್ ಕಣೇ!” ಎಂದದ್ದು ಮಾತ್ರ ಕೇಳಿಸಿತು. ಅದನ್ನು ಗೆದ್ದೆವು. ಮೂರನೆಯದನ್ನೂ ಗೆದ್ದೆವು. ಗೆದ್ದ ರಭಸಕ್ಕೆ ಎಂಟೂ ಜನ ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದು ದೊಡ್ಡಕ್ಕನ ಮೇಲೆ ಗುಡ್ಡೆಯಾದೆವು. ಎದುರಿನವರು ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಕೈ ಕುಲುಕಿ, ತಮ್ಮ ಕ್ಯಾಂಟೀನಿನಲ್ಲಿ ಚಿತ್ರಾನ್ನ ಕೇಸರಿಬಾತು ಬಡಿಸಿದರು. ಚಮಚ ಹಿಡಿಯಲು ಯಾರಿಗೂ ಬೆರಳು ಬಗ್ಗುತ್ತಿರಲಿಲ್ಲ. ಎರಡೂ ಕಡೆಯವರು ಅಂಗೈಯಲ್ಲೇ ಬಾಚಿ ತಿನ್ನುತ್ತಾ ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಮರುದಿನ ಬೆಳಿಗ್ಗೆ ನನಗೆ ಜಡೆ ಹಾಕಿಕೊಳ್ಳಲು ಬರಲಿಲ್ಲ. ಬೆರಳೆಲ್ಲ ಬಾತು ಹೋಗಿದ್ದವು. ಬಾಚಣಿಗೆ ಹಿಡಿದು ಪೇಚಾಡುವುದನ್ನು ನೋಡಿ ಅವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು ಬಂದು, ನನ್ನನ್ನು ಮೊಣಕಾಲ ಮುಂದೆ ಕೂರಿಸಿಕೊಂಡಳು. ಅವಳು ನನಗೆ ಜಡೆ ಹಾಕಿ ಏಳೆಂಟು ವರ್ಷವೇ ಆಗಿತ್ತು. ಬಿಗಿಯಾಗಿ ಹೆಣೆಯುತ್ತಾ, ಕೆ.ಆರ್. ಪುರದ ಮಂದಿ ಹೆಂಗ ನಿಂತಿದ್ದರು, ಯಾವ ಕಾಲು ಮುಂದಿತ್ತು, ಹಗ್ಗ ಹೊಸದೋ ಹಳೆಯದೋ ಎಂದು ಒಂದೊಂದೇ ಕೇಳಿದಳು. ನಾನು ಎಲ್ಲ ಹೇಳಿದೆ. ಬೀದಿಯಲ್ಲಿ ಹಾಲಿನವನು ಗಂಟೆ ಬಾರಿಸಿದ. ಅವ್ವ ಜಡೆಯ ತುದಿಗೆ ರಿಬ್ಬನ್ನು ಕಟ್ಟಿ, ನನ್ನ ಬೆನ್ನಿಗೆ ಒಂದು ತಟ್ಟಿದಳು.

“ಮತ್ತ ಯಾರ ಕೂಡ ಜಗ್ಗೂದದ? ನಾನೂ ಬರ್ತೀನಿ, ರಜಾ ಹಾಕ್ತೀನಿ.”